‘ಇಲ್ಲ’ ಎಂದು ಬರೆದ ಜಾಗ

“ಎಡಗಾಲು ಅಳೀಬೇಕೋ, ಬಲಗಾಲೋ?” ಬೋರಪ್ಪ ಹುಣಸೆ ಕಡ್ಡಿಯೊಂದನ್ನು ಮುರುಗೇಶಪ್ಪನ ತಣ್ಣಗಾದ ಅಂಗಾಲಿಗೆ ಹಿಡಿದು ಕೇಳಿದ.

“ಬಲಗಾಲು,” ಎಂದರು ಅಯ್ಯನೋರು. “ಹಿಮ್ಮಡಿಯಿಂದ ಹೆಬ್ಬೆರಳ ತುದಿಗೆ. ಆ ಕಡ್ಡೀಲಿ ಒಂಬತ್ತು ಅಳತೆ ಉದ್ದ, ಐದು ಅಳತೆ ಅಗಲ. ಅವರವರ ಗುಂಡಿ ಅವರವರ ಪಾದಕ್ಕೆ.”

ಬೋರಪ್ಪ ಕಡ್ಡಿ ಮುರಿದ. ಆಮೇಲೆ ಗದ್ದ ಎತ್ತಿ, ಮೂಗಿನಲ್ಲೇ ಅರ್ಧ ಮಾತು ಬಿಟ್ಟು, ಥೇಟ್ ಮುರುಗೇಶಪ್ಪನಾದ. “ನೋಡ್ರಿ ಇವ್ರೆ, ಬೇಗ ಅಳೀರಿ. ನಾಳೆ ಈ ಕಡ್ಡಿಗೂ ಸೀಲ್ ಹಾಕಿಸ್ಬೇಕು ಅಂತ ಆರ್ಡರ್ ಬಂದ್ರೂ ಬಂತು.”

ಅಂಗಳದಲ್ಲಿದ್ದವರು ನಕ್ಕರು, ನಕ್ಕ ಮೇಲೆ ಟವೆಲಿನಿಂದ ಬಾಯಿ ಮುಚ್ಚಿಕೊಂಡರು. ದನಿ ಎಷ್ಟು ಹೊಂದಿತ್ತೆಂದರೆ, ಅಪ್ಪನ ಪಕ್ಕ ಕೂತಿದ್ದ ದಾಕ್ಷಾಯಿಣಿ ತಲೆಯೆತ್ತಿ ಮೊದಲು ನೋಡಿದ್ದು ಅಪ್ಪನ ತುಟಿಯನ್ನೇ. ಮುರುಗೇಶಪ್ಪ ಗೋಡೆಗೆ ಒರಗಿ ಚಕ್ಕಳಮಕ್ಕಳ ಹಾಕಿ ಕೂತಿದ್ದರು. ಹಣೆ ತುಂಬ ವಿಭೂತಿ. ತಲೆ ವಾಲದಂತೆ ಕಿಟಕಿಯ ಸರಳಿಗೆ ಬಿಳಿ ಬಟ್ಟೆ ಕಟ್ಟಿತ್ತು. ಚಿಕ್ಕಜಾಜೂರಿನ ಸ್ಟೇಷನ್ ರಸ್ತೆಯಲ್ಲಿ ನಲವತ್ತು ವರ್ಷ ಹಿಟ್ಟಿನ ಗಿರಣಿ ನಡೆಸಿದ ಮನುಷ್ಯ. ಎದುರಿನ ಟೀ ಹೋಟೆಲಿನ ಬೋರಪ್ಪ ಆ ನಲವತ್ತು ವರ್ಷವೂ ಅವರ ದನಿಯನ್ನು ಕದಿಯುತ್ತ ಬಂದವನು. ಈಗ ಊರಲ್ಲಿ ಉಳಿದಿರುವುದು ಅದೊಂದೇ ಪ್ರತಿ.

ಮಗ ಮಲ್ಲೇಶ್ ಮಾತ್ರ ನಗಲಿಲ್ಲ. ಅವನು ಹೊಸದುರ್ಗ ತಾಲ್ಲೂಕಿನ ಮತ್ತೋಡಿನಲ್ಲಿ ಕಂದಾಯ ನಿರೀಕ್ಷಕ. ಆ ಕಡ್ಡಿ ಹಿಡಿದು ಗುಂಡಿ ತೋಡಲು ಊರಿನ ಪರಮೇಶನೂ ಇನ್ನು ಮೂವರೂ ಹೊಲಕ್ಕೆ ಹೊರಟಾಗಿನಿಂದ ಬಾಗಿಲ ಕಡೆಯೇ ನೋಡುತ್ತಿದ್ದ.

ಅರ್ಧ ಗಂಟೆಯಲ್ಲಿ ಪರಮೇಶ ವಾಪಸ್ ಬಂದ. ಗುದ್ದಲಿಗೆ ಮಣ್ಣೇ ಹತ್ತಿರಲಿಲ್ಲ.

“ಮಲ್ಲೇಶಣ್ಣ, ನೀವೆಲ್ಲ ಆಸ್ಪತ್ರೇಲಿದ್ದಾಗ ಹೊಲಕ್ಕೆ ಬೇಲಿ ಹಾಕ್ಯಾರೆ.”

“ಯಾರ ಹೊಲಕ್ಕೆ?” ಎಂದಳು ದಾಕ್ಷಾಯಿಣಿ.

“ನಿಮ್ಮದಕ್ಕೇ ಕಣಕ್ಕ. ಕಲ್ಲುಕಂಬ, ಮುಳ್ಳುತಂತಿ. ಸರ್ಕಾರಿ ಗೋದಾಮಿನ ಜಾಗ, ಒಳಗೆ ಬಂದ್ರೆ ಕೇಸು ಅಂತ ಬೋರ್ಡೂ ಐತೆ. ನಿಮ್ಮಮ್ಮಾರ ಗದ್ದುಗೆ ಬೇಲಿ ಒಳಗಾಗೈತೆ. ಕಾಯೋನು ನಮ್ಮನ್ನ ಕಾಲಿಡಾಕೂ ಬಿಡ್ಲಿಲ್ಲ.”

“ಸತ್ರೂ ಕೊಡಲ್ಲ ಅಂದಿದ್ದ,” ಎಂದ ಬೋರಪ್ಪ ತನ್ನದೇ ದನಿಯಲ್ಲಿ. “ಸತ್ತು ಇನ್ನೂ ಹದಿನಾಲ್ಕು ಗಂಟೆ ಆಗಿಲ್ಲ.”

“ಬೇಲಿಗೆ ಇನ್ನೂ ಆರು ತಿಂಗಳು ಆಗುತ್ತೆ ಅಂದಿದ್ರಲ್ಲ,” ಎಂದು ಮಲ್ಲೇಶನ ಬಾಯಿಂದ ಜಾರಿತು.

ದಾಕ್ಷಾಯಿಣಿ ಅಣ್ಣನತ್ತ ತಿರುಗಿದಳು. “ಯಾರು ಅಂದಿದ್ರು?”

ಮಲ್ಲೇಶ್ ಅಯ್ಯನೋರ ಕಡೆ ತಿರುಗಿದ. “ಪಂಚಾಯ್ತಿ ರುದ್ರಭೂಮಿ ಐತಲ್ಲ. ಅಲ್ಲಿಗೇ...”

“ಅಮ್ಮನ ಪಕ್ಕ ಕೂರಿಸ್ತೀನಿ ಅಂತ ಕೈಮೇಲೆ ಕೈ ಇಟ್ಟು ಹೇಳಿದ್ದೀಯ. ಮೊನ್ನೆ ಆಸ್ಪತ್ರೇಲಿ. ನಾನಿದ್ದೆ ಅಲ್ಲಿ.”

“ಮಾತು ಆಮೇಲೆ. ಹೊತ್ತು ಮುಳುಗೋದ್ರೊಳಗೆ ಗುಂಡೀಲಿ ಕೂರಿಸಿ ಮಣ್ಣು ಮುಚ್ಬೇಕು,” ಎಂದರು ಅಯ್ಯನೋರು.

“ಎತ್ರಪ್ಪ ವಿಮಾನ,” ಎಂದ ಬೋರಪ್ಪ, ಹೂವು ಕಟ್ಟಿದ ಚಟ್ಟದ ಕಡೆ ಕೈತೋರಿಸಿ. “ಹೊಲಕ್ಕೇ ಹೋಗಾಣ. ಬೋರ್ಡನ್ನ ಮುರುಗೇಶಪ್ಪನೇ ಓದ್ಲಿ.”

*

ಮುರುಗೇಶಪ್ಪನಿಗೆ ಸರ್ಕಾರದ ಮೇಲೆ ದ್ವೇಷವಿರಲಿಲ್ಲ, ಸಂಕೋಚವಿತ್ತು. ಮನೆಯೊಳಗೆ ಪದೇ ಪದೇ ಬರುವ ದೂರದ ನೆಂಟನ ಬಗ್ಗೆ ಇರುವಂಥದ್ದು. ಪಕ್ಷ ಯಾವುದಾದರೂ ಅವರಿಗೆ ಅಷ್ಟೇ. “ಆಳೋರು ಕಮ್ಮಿ ಆಳ್ಬೇಕು, ಊರು ಜಾಸ್ತಿ ಬಾಳ್ಬೇಕು” ಎನ್ನುವರು. ಎದುರು ಅಂಗಡಿಯಿಂದ ಬೋರಪ್ಪ ಅದನ್ನೇ ಇನ್ನೂ ಚೆನ್ನಾಗಿ ಅಂದು ತೋರಿಸುವನು.

ಇದೆಲ್ಲ ಶುರುವಾದದ್ದು ಕೆರೆಯಿಂದ. ಮೊದಲೆಲ್ಲ ಯುಗಾದಿ ಕಳೆದ ಮೇಲೆ ಮನೆಗೊಂದಾಳು ಹೋಗಿ ಊರ ಕೆರೆಯ ಹೂಳು ಎತ್ತುತ್ತಿದ್ದರು. ಎತ್ತಿದ ಗೋಡುಮಣ್ಣು ಅವರವರ ಹೊಲಕ್ಕೆ. ಒಂದು ವರ್ಷ ಇಲಾಖೆಯವರು ಬಂದು, ಇನ್ನು ಮೇಲೆ ನಾವೇ ಎತ್ತಿಸಿಕೊಡುತ್ತೇವೆ, ಇಲ್ಲೊಂದು ಸಹಿ ಹಾಕಿ ಎಂದರು. ಊರೆಲ್ಲ ಸಾಲಾಗಿ ನಿಂತು ಸಹಿ ಹಾಕಿತು. ಮೂರು ವರ್ಷ ಯಾರೂ ಬರಲಿಲ್ಲ. ನಾಲ್ಕನೆಯ ವರ್ಷ ಊರವರೇ ಗುದ್ದಲಿ ಹಿಡಿದು ಇಳಿದಾಗ, ಅನುಮತಿಯಿಲ್ಲದೆ ಸರ್ಕಾರಿ ಕೆರೆಯ ಮಣ್ಣು ತೆಗೆದಿರೆಂದು ನೋಟೀಸು ಬಂತು. ಅದರ ಮುಂದಿನ ವರ್ಷ ಕರೆದರೂ ಯಾರೂ ಬರಲಿಲ್ಲ.

“ನೋಟೀಸು ಕೊಟ್ಟಿದ್ದು ದೊಡ್ಡದಲ್ಲ ಕಣ್ರಿ,” ಎಂದು ಮುರುಗೇಶಪ್ಪ ಗಿರಣಿಯ ಕಟ್ಟೆಯ ಮೇಲೆ ಹೇಳಿದ್ದರು. “ಗುದ್ದಲಿ ಹಿಡಿಯೋದೇ ಮರೆಸಿಬಿಟ್ರು. ಇನ್ನ ಮ್ಯಾಲೆ ಬಿಳಿ ಹಾಳೆಗೆ ಯಾರೂ ಸಹಿ ಹಾಕ್ಬ್ಯಾಡ್ರಿ. ಬರೆದ ಹಾಳೆಗೂ ಹಾಕ್ಬ್ಯಾಡ್ರಿ.” ಕಟ್ಟೆಯ ಮೇಲಿದ್ದವರು ಹಿಟ್ಟಿನ ಡಬ್ಬಿಯ ಮೇಲೆ ಕೈಯಿಟ್ಟು ಒಪ್ಪಿಕೊಂಡರು. ಅವತ್ತಿನಿಂದ ಸ್ಟೇಷನ್ ರಸ್ತೆಯಲ್ಲಿ ಸಹಿ ಸಂಗ್ರಹಕ್ಕೆ ಬಂದವರು ಯಾವ ಬಣ್ಣದ ಶಾಲು ಹೊದ್ದಿದ್ದರೂ ಟೀ ಕುಡಿದು ವಾಪಸ್ಸು ಹೋಗುತ್ತಿದ್ದರು.

ಮಗನಿಗೆ ಕೆಲಸ ಸಿಕ್ಕಾಗ ಪೇಡ ಹಂಚಿದ್ದು ಹೆಂಡತಿ ಶಿವಗಂಗಮ್ಮ. ಮುರುಗೇಶಪ್ಪ ಒಂದು ತಿಂದು, “ಸಿಹಿ ಐತೆ. ಅವ್ರದ್ದು ಯಾವಾಗ್ಲೂ ಮೊದ್ಲು ಸಿಹೀನೇ” ಎಂದಿದ್ದರು.

ಶಿವಗಂಗಮ್ಮ ತೀರಿಕೊಂಡು ಅವಳನ್ನು ರೈಲುಹಳಿ ಪಕ್ಕದ ಹೊಲದಲ್ಲಿ ಕೂರಿಸಿದ ಮೇಲೆ, ಮುರುಗೇಶಪ್ಪ ಯಾರೂ ನಿರೀಕ್ಷಿಸದ ಕೆಲಸ ಮಾಡಿದರು. ಹೊಳಲ್ಕೆರೆಗೆ ಹೋಗಿ ಹೊಲವನ್ನು ಮಗನ ಹೆಸರಿಗೆ ಬರೆದರು.

“ಯಾಕಪ್ಪ ಈಗಲೇ?” ಎಂದಿದ್ದ ಮಲ್ಲೇಶ್.

“ಹಳಿ ಪಕ್ಕದ ಜಾಗ. ಇವತ್ತಲ್ಲ ನಾಳೆ ಕಣ್ಣು ಬೀಳ್ತೈತೆ. ನನ್ನ ಅರ್ಜಿ ಯಾರ್ ಓದ್ತಾರೆ? ನೀನು ಆ ಕಡೇನೇ ಇದ್ದೀಯ. ಒಳಗಿಂದ ಬಾಗಿಲು ಹಿಡ್ಕಂಡು ನಿಂತ್ಕ.”

*

ವಿಮಾನ ಬೇಲಿಯ ಮುಂದೆ ಇಳಿಯಿತು. ಚೆಂಡುಹೂವು, ಬಾಳೆಕಂದುಗಳ ನಡುವೆ ಮುರುಗೇಶಪ್ಪ ಬೋರ್ಡಿಗೆ ಎದುರಾಗಿ ಕೂತಿದ್ದರು. ಕಣ್ಣು ಮುಚ್ಚಿದ್ದರೂ ಓದಿ ಮುಗಿಸಿದವರ ಮುಖ.

ಕಾಯುವವನು ಫೋನು ಮಾಡಿದ್ದರಿಂದ ಗೋದಾಮು ಕೆಲಸದ ಇಂಜಿನಿಯರ್ ಬಸವೇಶ್ ಬೈಕಿನಲ್ಲಿ ಬಂದ. ಭಾನುವಾರದ ಬನಿಯನ್ನಿನ ಮೇಲೆ ಅವಸರದ ಅಂಗಿ. ಅವನು ಮೊದಲು ಚಪ್ಪಲಿ ಬಿಟ್ಟು ಹೆಣಕ್ಕೆ ಕೈಮುಗಿದ. ಬೈಯಲು ಸಿದ್ಧವಾಗಿದ್ದ ನಾಲ್ಕೈದು ಬಾಯಿಗಳು ಅದರಿಂದ ಮುಚ್ಚಿಕೊಂಡವು.

“ಒಳಗೆ ಅವರ ಹೆಂಡ್ತಿ ಗದ್ದುಗೆ ಐತೆ ಸ್ವಾಮಿ,” ಎಂದ ಬೋರಪ್ಪ. “ಪಕ್ಕದಲ್ಲಿ ಕೂರಿಸಿ ಹೋಗ್ತೀವಿ. ನಿಮ್ಮ ಗೋದಾಮು ನೀವು ಕಟ್ಕಳ್ರಿ.”

“ದಾಖಲೇಲಿ ಗದ್ದುಗೆ ಇದ್ದಿದ್ರೆ ನಾವೇ ಬಿಡ್ತಿದ್ವಿ ಯಜಮಾನ್ರೆ. ಅಲ್ಲಿ ಪಾಲಣ್ಣೋರ ಹೊಲ ನೋಡ್ರಿ.”

ಎಲ್ಲರೂ ನೋಡಿದರು. ಪಾಲಣ್ಣನ ಹೊಲದ ಹತ್ತಿರ ನೆಟ್ಟಗೆ ಬರುತ್ತಿದ್ದ ಬೇಲಿ ಒಮ್ಮೆ ಒಳಗೆ ಬಾಗಿ, ಅವನ ಹಿರಿಯರ ಎರಡು ಕಲ್ಲುಗಳನ್ನು ಹೊರಗೆ ಬಿಟ್ಟು, ಮತ್ತೆ ನೆಟ್ಟಗಾಗಿತ್ತು.

“ಪಾಲಣ್ಣೋರು ಎರಡು ಅಂತ ಬರ್ಕೊಟ್ಟಿದ್ರು. ಇದರಲ್ಲಿ...” ಬಸವೇಶ್ ಮೊಬೈಲ್ ನೋಡಿದ, ಆಮೇಲೆ ಮಲ್ಲೇಶನನ್ನು ನೋಡಿದ. ಇಬ್ಬರೂ ಎಷ್ಟೋ ಮೀಟಿಂಗಿನಲ್ಲಿ ಅಕ್ಕಪಕ್ಕ ಕೂತವರು. ಮೊಬೈಲನ್ನು ಜೇಬಿಗೆ ಹಾಕಹೋದ.

“ಓದಪ್ಪ,” ಎಂದಳು ದಾಕ್ಷಾಯಿಣಿ.

“ಮೇಡಂ, ಅದು...”

“ಓದು.”

ಅವನು ತಗ್ಗಿದ ದನಿಯಲ್ಲಿ ಓದಿದ. “ಒಪ್ಪಿಗೆ ಪತ್ರ. ಜಮೀನಿನಲ್ಲಿರುವ ಕಟ್ಟಡ: ಇಲ್ಲ. ಬಾವಿ: ಇಲ್ಲ. ಮರಗಳು: ಹುಣಸೆ, ಒಂದು. ಸಮಾಧಿ: ಇಲ್ಲ. ಭೂಮಾಲೀಕರ ಸಹಿ, ಎಂ. ಮಲ್ಲೇಶ್.”

ಚಿಕ್ಕಜಾಜೂರು ಬಿಟ್ಟ ಗೂಡ್ಸ್ ಗಾಡಿಯೊಂದು ನಿಧಾನವಾಗಿ ದಾಟಿತು.

“ಮರ ಎಣಿಸಿದ್ದೀಯ,” ಎಂದಳು ದಾಕ್ಷಾಯಿಣಿ.

*

ಮಲ್ಲೇಶ್ ಅದನ್ನು ಬರೆದದ್ದು ಎರಡು ವರ್ಷದ ಹಿಂದೆ, ಒಂದು ಸಭೆಯ ಕೊನೆಗೆ. “ಹದಿನೇಳು ಜನ ಒಪ್ಪಿದಾರೆ. ನಿಮ್ಮದೊಂದೇ ಬಾಕಿ,” ಎಂದಿದ್ದರು ಮೇಲಿನ ಸಾಹೇಬರು. “ಸರ್ಕಾರದ ಅನ್ನ ತಿನ್ನೋರೇ ತಡೆದ್ರೆ ಬೇರೆಯವರಿಗೆ ಏನ್ ಹೇಳ್ಲಿ ಮಲ್ಲೇಶ್?” ಎಲ್ಲರೂ ಬ್ಯಾಗು ಎತ್ತಿಕೊಂಡು ನಿಂತಿದ್ದರು. ಯಾರೋ ಪೆನ್ನು ಕೊಟ್ಟರು.

ಸಮಾಧಿ ಎಂಬ ಕಾಲಂ ಬಂದಾಗ ಅವನು ನಿಂತ. ಇದೆ ಎಂದು ಬರೆದರೆ ಇನ್ನೊಂದು ನಮೂನೆ, ಸ್ಥಳ ಪರಿಶೀಲನೆ, ಮನೆಯವರ ಹೇಳಿಕೆ. ಹೇಳಿಕೆ ಎಂದರೆ ಅಪ್ಪ. ಆಗ ಅಪ್ಪನಿಗೆ ತಿಳಿಯುತ್ತದೆ. ಬೇರೆಯವರ ನೂರಾರು ನಮೂನೆಗಳಲ್ಲಿ, ಕೆಲಸ ಸಲೀಸಾಗಲೆಂದು, ಅವನೇ ‘ಇಲ್ಲ’ ಎಂಬ ಆ ಎರಡಕ್ಷರ ತುಂಬಿಸಿದ್ದ. ಕೈಗೆ ರೂಢಿಯಿತ್ತು.

ಆಮೇಲೆ ಊರಿಗೆ ಬಂದಾಗಲೆಲ್ಲ ಮುರುಗೇಶಪ್ಪ ಕೇಳುವರು: “ಹೊಲದ ಕಡೆ ಹೋಗಿದ್ಯಾ? ಬಾಗಿಲು ಭದ್ರ ಐತಾ?”

“ಐತಪ್ಪ.”

*

“ನಾಳೆ ಬೆಳಿಗ್ಗೆ ಜೆಸಿಬಿ ಬರುತ್ತೆ,” ಎಂದ ಬಸವೇಶ್. “ದಾಖಲೇಲಿ ಇಲ್ಲ ಅಂದ್ರೆ ಅಮ್ಮಾರ ಕಲ್ಲನ್ನೂ ಸಮ ಮಾಡಿಬಿಡ್ತಾರೆ. ನಾನು ಇಲ್ಲದಿರುವಾಗ ಆಗ್ಬಿಡುತ್ತೆ.” ಅವನು ಮಲ್ಲೇಶನನ್ನು ಪಕ್ಕಕ್ಕೆ ಕರೆದ, ಆದರೆ ಬಯಲಿನಲ್ಲಿ ಪಕ್ಕ ಎಂಬುದಿರಲಿಲ್ಲ, ಎಲ್ಲರಿಗೂ ಕೇಳಿಸಿತು. “ಒಂದು ದಾರಿ ಐತೆ ಸರ್. ಮೊದಲು ಕೊಟ್ಟಿದ್ದು ಸುಳ್ಳು ಹೇಳಿಕೆ, ಇಲ್ಲಿ ಗದ್ದುಗೆ ಐತೆ ಅಂತ ಈಗಲೇ ಕೈಬರಹದಲ್ಲಿ ಕೊಡ್ರಿ. ನಾನು ಜೆಸಿಬಿ ನಿಲ್ಲಿಸ್ತೀನಿ. ಪಕ್ಕದಲ್ಲಿ ಕೂರಿಸ್ಕಳ್ರಿ. ಆದ್ರೆ ಕಾಗದ ಮೇಲಕ್ಕೆ ಹೋಗೇ ಹೋಗುತ್ತೆ. ನಿಮ್ಮ ಸರ್ವೀಸು...”

“ಗೊತ್ತು.”

ಮಲ್ಲೇಶನ ಹೆಂಡತಿ ರೇಣುಕಾ ಸೆರಗು ಬಿಗಿದುಕೊಂಡು ಹತ್ತಿರ ಬಂದಳು. “ಸಸ್ಪೆಂಡ್ ಮಾಡ್ತಾರೇನ್ರಿ?”

“ಮಾಡ್ಬಹುದು.”

ಅವಳು ವಿಮಾನದ ಕಡೆ ನೋಡಿದಳು, ಗಂಡನ ಕಡೆ ನೋಡಿದಳು. ಹೋಗಿ ಹೆಂಗಸರ ನಡುವೆ ನಿಂತಳು.

ಮಲ್ಲೇಶ್ ಬೈಕಿನ ಸೀಟಿನ ಮೇಲೆ ಹಾಳೆ ಇಟ್ಟು ಬಗ್ಗಿದ. ಮುಂದೆ ಮುಳ್ಳುತಂತಿ, ಹಿಂದೆ ಊರು, ಪಕ್ಕದಲ್ಲಿ ಅಪ್ಪ. ‘ಸದರಿ ಜಮೀನಿನಲ್ಲಿ’ ಎಂದು ಶುರುಮಾಡಿ ಹೊಡೆದುಹಾಕಿದ. ‘ನನ್ನ ತಾಯಿಯ ಸಮಾಧಿ ಇಲ್ಲಿದೆ. ಇಲ್ಲ ಎಂದು ಸುಳ್ಳು ಬರೆದವನು ನಾನು’ ಎಂದು ಬರೆದ. ಅವನ ಇಪ್ಪತ್ತು ವರ್ಷದ ನೌಕರಿಯಲ್ಲಿ ಅಷ್ಟು ಚಿಕ್ಕ ವಾಕ್ಯ ಬಂದಿರಲಿಲ್ಲ.

“ಇಬ್ಬರು ಸಾಕ್ಷಿ ಬೇಕು,” ಎಂದ ಬಸವೇಶ್.

ದಾಕ್ಷಾಯಿಣಿ ಕೈಚಾಚಿದಳು.

“ರಕ್ತಸಂಬಂಧಿ ಆಗಲ್ಲ ಮೇಡಂ. ಊರೋರು.”

ಊರವರು ಇದ್ದರು. ಎಪ್ಪತ್ತು ಎಂಬತ್ತು ಜನ. ಹಾಳೆ ಅವರ ಕಡೆ ತಿರುಗಿದ ಕೂಡಲೇ ಒಬ್ಬ ಟವೆಲು ಕೊಡವಿದ, ಒಬ್ಬ ಎಲೆಅಡಿಕೆ ಚೀಲ ಹುಡುಕಿದ. ಮುಂದಿದ್ದವರು ಹಿಂದಾದರು.

“ಏನ್ರೋ ಇದು!” ಎಂದರು ಅಯ್ಯನೋರು. “ಹೊತ್ತು ಇಳೀತಾ ಐತೆ.”

“ಇವರೇ ಹೇಳವ್ರಲ್ಲ ಸ್ವಾಮಿ,” ಎಂದ ಪರಮೇಶ ವಿಮಾನದತ್ತ ಕೈತೋರಿಸಿ. “ಸರ್ಕಾರದ ಹಾಳೆಗೆ ಸಹಿ ಹಾಕ್ಬ್ಯಾಡ್ರಿ ಅಂತ. ನಮ್ಮಪ್ಪ ಸಾಯೋವರೆಗೂ ಹಾಕ್ಲಿಲ್ಲ. ಈಗ ಇವರ ಮುಂದೇನೇ ಹಾಕಾಣಾ?”

ಯಾರೂ ನಗಲಿಲ್ಲ. ಬೋರಪ್ಪ ಮೆಲ್ಲಗೆ ಹೋಗಿ ವಿಮಾನದ ಮುಂದೆ ಕುಕ್ಕರಗಾಲಲ್ಲಿ ಕೂತ. ಗದ್ದ ಎತ್ತಿದ.

“ನೋಡ್ರಿ ಇವ್ರೆ,” ಎಂದಿತು ಮುರುಗೇಶಪ್ಪನ ದನಿ. “ಹಾಕ್ಬ್ಯಾಡ ಬೋರಪ್ಪ. ಕೆರೆ ಹೋದಂಗೆ ಹೋಗ್ತೀಯ.”

“ಹಾಕ್ದೇ ಇದ್ರೆ ನಿನ್ನ ಎಲ್ಲಿ ಕೂರಿಸ್ಲಿ?” ಎಂದ ಬೋರಪ್ಪ ತನ್ನ ದನಿಯಲ್ಲಿ.

“ನನ್ನ ಹೊಲದಾಗೆ.”

“ನಿನ್ನ ಹೊಲ ಅಂತ ಹೇಳಾಕೂ ಒಂದು ಹಾಳೆ ಬೇಕಲ್ಲ ಮಾರಾಯ.”

“ಹಂಗಾರೆ ನಾನು ಸೋತಂಗೆ.”

ಬೋರಪ್ಪ ಗದ್ದ ಎತ್ತಿಯೇ ಇದ್ದ. ಮುಂದಿನ ಮಾತು ಎರಡರಲ್ಲಿ ಯಾವ ದನಿಯಲ್ಲೂ ಹೊರಡಲಿಲ್ಲ. ಮಂಡಿ ಹಿಡಿದು ಎದ್ದು, ಬೈಕಿನ ಹತ್ತಿರ ಬಂದು, ಪೆನ್ನು ತೆಗೆದುಕೊಂಡ. ‘ಬೋರಪ್ಪ’ ಎಂದು ಒಂದೊಂದೇ ಅಕ್ಷರ ಬಿಡಿಸಿದ. ಅವನ ಬೆನ್ನಿಗೇ ಪರಮೇಶ, ಯಾರ ಮುಖವನ್ನೂ ನೋಡದೆ, ಗೀಚಿ ದೂರ ಸರಿದ.

ಕಾಯುವವನು ಬೇಲಿಯ ಎರಡು ತಂತಿ ಬಿಚ್ಚಿದ. ಗುದ್ದಲಿಯವರು ಒಳಗೆ ನುಗ್ಗಿದರು. ದಾಕ್ಷಾಯಿಣಿ ಅಣ್ಣನನ್ನು ದಾಟಿಕೊಂಡು, ಅವನ ನೆರಳನ್ನೂ ತುಳಿಯದೆ, ಅಮ್ಮನ ಕಲ್ಲಿನ ಹತ್ತಿರ ಹೋಗಿ ಕೂತಳು.

“ಒಂದು ನಿಮಿಷ ಸರ್,” ಎಂದ ಬಸವೇಶ್. ಅವನಿಗೇ ನಾಚಿಕೆಯಾದಂತಿತ್ತು. “ಆ್ಯಪಲ್ಲಿ ಸ್ಥಳದ ಫೋಟೊ ಹಾಕ್ಬೇಕು. ಹೇಳಿಕೆ ಕೊಟ್ಟೋರು, ಸಾಕ್ಷಿಗಳು, ಹಿಂದೆ ಜಾಗ. ಮುಖ ಸಿಕ್ಕಿಲ್ಲ ಅಂದ್ರೆ ಅದು ಮುಂದಕ್ಕೇ ಹೋಗಲ್ಲ.”

ಮಲ್ಲೇಶ್ ನಿಂತ, ತಲೆ ತಗ್ಗಿಸಿ. ಬೋರಪ್ಪ ನಿಂತ, ಟವೆಲು ಕಣ್ಣಿಗೊತ್ತಿ. ಪರಮೇಶ ಆಚೆ ತಿರುಗಿದ್ದ. ಅವರ ನಡುವೆ, ಹೊರುವವರು ಈ ಕಡೆ ತಿರುಗಿಸಿಟ್ಟು ಇನ್ನೂ ಎತ್ತದೆ ಬಿಟ್ಟಿದ್ದ ವಿಮಾನ. ಬಸವೇಶ್ ಮೊಬೈಲ್ ಎತ್ತಿ ಹಿಡಿದ. ಪರದೆಯ ಮೇಲೆ ಹಳದಿ ಚೌಕವೊಂದು ಹುಟ್ಟಿ, ಮಲ್ಲೇಶನ ಮೇಲೆ ತಡಕಾಡಿ, ಬೋರಪ್ಪನ ಟವೆಲಿನ ಮೇಲೆ ನಡುಗಿ, ಎಡಕ್ಕೆ ಸರಿದು, ನೆಟ್ಟಗೆ ಎದುರಿಗಿದ್ದ ಒಂದೇ ಮುಖವನ್ನು ಹುಡುಕಿಕೊಂಡಿತು. ವಿಭೂತಿಯ ಹಣೆಯಿಂದ ಕಟ್ಟಿದ ಗದ್ದದವರೆಗೆ ಮುರುಗೇಶಪ್ಪನನ್ನು ಅಳತೆಯಾಗಿ ಸುತ್ತುಗಟ್ಟಿ, ಚೌಕ ಹಸಿರಾಯಿತು.