ಪೆನ್ನಾ, ಪೆನ್ಸಿಲ್ಲಾ

ಹವಾಮಾನ ಕಚೇರಿಯ ನಡುಮಹಡಿಯಲ್ಲಿ ಒಂದು ಕಟ್ಟಳೆಯಿತ್ತು. ಯಾವ ಸುತ್ತೋಲೆಯಲ್ಲೂ ಬರೆದದ್ದಲ್ಲ, ಆದರೂ ಮೂವತ್ತು ವರ್ಷಗಳಿಂದ ಯಾರೂ ಮೀರಿರಲಿಲ್ಲ. ಅಳೆದು ತಿಳಿದ ಗಾಳಿಯನ್ನು ನಕ್ಷೆಯ ಮೇಲೆ ಪೆನ್ನಿನಲ್ಲಿ ಬರೆಯಬೇಕು, ಅಂದಾಜಿನ ಗಾಳಿಯನ್ನು ಪೆನ್ಸಿಲಿನಲ್ಲಿ. ಅಕ್ಕ ಕೆಲಸಕ್ಕೆ ಸೇರಿದ ದಿನ ಆಗಿನ ಹಿರಿಯರೊಬ್ಬರು ಎರಡನ್ನೂ ಅವಳ ಕೈಗಿತ್ತು, "ಗೊತ್ತಿದ್ರೆ ಇದು, ಗೊತ್ತಿಲ್ದಿದ್ರೆ ಇದು. ನಮ್ಮ ಶಾಸ್ತ್ರ ಇಷ್ಟೇ ಕಣಮ್ಮ" ಎಂದಿದ್ದರು. ಕಂಪ್ಯೂಟರು ಬಂದ ಮೇಲೂ ಬೆಳಗಿನ ಒಂದು ನಕ್ಷೆ ಮಾತ್ರ ಅವಳ ಕೈಯಲ್ಲೇ ಉಳಿದಿತ್ತು. ಕಚೇರಿಯವರೆಲ್ಲ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು, ಆದರೆ ನಿಜವಾಗಿ ಅಕ್ಕ ಎನ್ನುವ ಹಕ್ಕಿದ್ದವನು ಒಬ್ಬನೇ, ಅವಳ ತಮ್ಮ.

ತಮ್ಮ ಮೀನುಗಾರ. ಗಡ್ಡ ಎಂಬ ಅಡ್ಡಹೆಸರಿನ ಗೆಳೆಯನೊಬ್ಬನ ಜೊತೆ ಸೇರಿ ಒಂದು ದೋಣಿ ಇಟ್ಟುಕೊಂಡಿದ್ದ. ದಿನಾ ಬೆಳಿಗ್ಗೆ ಏಳಕ್ಕೆ ಅವನ ಫೋನು ಬರುತ್ತಿತ್ತು. ಹೇಗಿದ್ದೀಯಾ, ತಿಂಡಿ ಆಯ್ತಾ ಎನ್ನುವುದೆಲ್ಲ ಇಲ್ಲ.

"ಅಕ್ಕಾ, ಪೆನ್ನಾ, ಪೆನ್ಸಿಲ್ಲಾ?"

ಪೆನ್ನು ಎಂದರೆ ಅವಳು ಹೇಳಿದ ಗಾಳಿಯನ್ನು ನಂಬಿ ದೂರ ಹೋಗುತ್ತಿದ್ದರು. ಪೆನ್ಸಿಲ್ ಎಂದರೆ ದಡ ಕಣ್ಣಿಗೆ ಕಾಣುವಷ್ಟರಲ್ಲೇ ಬಲೆ ಬೀಸಿ ವಾಪಸ್ಸು. ಹಿಂದಿನಿಂದ ಗಡ್ಡನ ಗಂಟಲು ಕೇಳುತ್ತಿತ್ತು: "ಸುಳ್ಳು ಹೇಳಿದ್ರೆ ಮೀನು ಕೊಡಲ್ಲ ಅಂತ ಹೇಳೋ ನಿಮ್ಮಕ್ಕಂಗೆ." ಮೀನನ್ನಂತೂ ವಾರಕ್ಕೊಮ್ಮೆ ತಪ್ಪದೆ ಕಳಿಸುತ್ತಿದ್ದ.

ಮೇಲಿನ ಗಾಳಿಯನ್ನು ಅಳೆಯುವುದು ಬಲೂನು. ಅದಕ್ಕೊಬ್ಬ ಮುದುಕ, ಎಲ್ಲರ ಬಾಯಲ್ಲಿ ಬಲೂನಪ್ಪ. ಕಚೇರಿಯ ಹಿಂದಿನ ಶೆಡ್ಡಿನಲ್ಲಿ ಬೆಳಕು ಹರಿಯುವ ಮೊದಲೇ ಬಲೂನಿಗೆ ಗ್ಯಾಸು ತುಂಬಿ, ಕೆಳಗೊಂದು ಪುಟ್ಟ ಪೆಟ್ಟಿಗೆ ಕಟ್ಟಿ, ಮಗುವನ್ನು ಶಾಲೆಗೆ ಕಳಿಸುವವನ ಹಾಗೆ ಮೆಲ್ಲಗೆ ಬಿಡುತ್ತಿದ್ದ. ಪೆಟ್ಟಿಗೆ ಮೇಲಿನಿಂದ ಗಾಳಿ ಎಷ್ಟು, ಯಾವ ಕಡೆಗೆ, ತೇವ ಎಷ್ಟು ಎಂದು ಹೇಳುತ್ತಾ ಹೋಗುತ್ತಿತ್ತು. ಅಕ್ಕನ ಪೆನ್ನು ಓಡುತ್ತಿದ್ದದ್ದು ಆ ಪೆಟ್ಟಿಗೆಯ ಮಾತಿನ ಮೇಲೆ.

ಇಂಥ ಕಚೇರಿಗೆ ಇಬ್ಬರು ದೊಡ್ಡವರು ವಕ್ಕರಿಸಿದರು. ಮೂರನೇ ಮಹಡಿಯಲ್ಲಿ ನಿರ್ದೇಶಕರು, ಸಚಿವಾಲಯದಿಂದ ನೇರವಾಗಿ ಇಳಿದವರು. ನೆಲಮಹಡಿಯಲ್ಲಿ ಅಪರ ನಿರ್ದೇಶಕರು, ಇಲ್ಲೇ ತಲೆ ನರೆಸಿಕೊಂಡು, ಆ ಕುರ್ಚಿ ತಮ್ಮದೇ ಎಂದು ಕಾದು ಕಾದು ಮೋಸಹೋದವರು. ಜನ ಅವರನ್ನು ಮೇಲಿನವರು, ಕೆಳಗಿನವರು ಎಂದರು. ಇಬ್ಬರದೂ ಎಣ್ಣೆ ಸೀಗೆಕಾಯಿ. ಬಂದ ಅನುದಾನವೆಲ್ಲ ಹೊಸ ಕಂಪ್ಯೂಟರಿಗೆ ಎಂದರು ಮೇಲಿನವರು. ಮೊದಲು ಬಲೂನು, ಆಮೇಲೆ ಉಳಿದದ್ದು ಎಂದರು ಕೆಳಗಿನವರು. ಯಾವುದಕ್ಕೂ ಇಬ್ಬರ ಸಹಿ ಬೇಕು. ಫೈಲು ಮೆಟ್ಟಿಲು ಹತ್ತಿತು, ಇಳಿಯಿತು, ಮತ್ತೆ ಹತ್ತಿತು. ಅಷ್ಟು ವ್ಯಾಯಾಮ ಆ ಇಬ್ಬರಲ್ಲಿ ಯಾರಾದರೂ ಮಾಡಿದ್ದರೆ ಆರೋಗ್ಯವಾದರೂ ನೆಟ್ಟಗಿರುತ್ತಿತ್ತು.

ನಿಜ ಹೇಳಬೇಕೆಂದರೆ ಕೆಳಗಿನವರ ಮಾತೇ ಸರಿಯಾಗಿತ್ತು. ಆದರೆ ಮೇಲಿನವರ ಸಹಿ ಇಲ್ಲದೆಯೂ ತಾತ್ಕಾಲಿಕವಾಗಿ ಹತ್ತು ಬಲೂನು ತರಿಸುವ ಅಧಿಕಾರ ಅವರ ಕೈಯಲ್ಲೇ ಇತ್ತು. ಇದ್ದ ಬಲೂನುಗಳು ಮುಗಿಯುತ್ತ ಬಂದು ಬಲೂನಪ್ಪ ಹೋಗಿ ಕೇಳಿದಾಗ, "ಮುಗೀಲಿ ಬಿಡಪ್ಪಾ. ಆಗ ಗೊತ್ತಾಗುತ್ತೆ ಮೇಲಿನವರ ಯೋಗ್ಯತೆ" ಎಂದರು.

ಮುಗಿಯಿತು. ಅಂದಿನಿಂದ ಬಲೂನಪ್ಪ ಖಾಲಿ ಶೆಡ್ಡಿನ ಮುಂದೆ ಸ್ಟೂಲು ಹಾಕಿಕೊಂಡು ಕೂರತೊಡಗಿದ. ಅಕ್ಕ ನಿನ್ನೆಯ ಗಾಳಿಯನ್ನು ನೋಡಿ ಇವತ್ತಿನ ಗಾಳಿಯನ್ನು ಊಹಿಸಿ ಪೆನ್ಸಿಲಿನಲ್ಲಿ ಬರೆದಳು. ಮರುದಿನ, ಆ ಊಹೆಯನ್ನು ನೋಡಿ ಇನ್ನೊಂದು ಊಹೆ. ಹೀಗೆ ಹನ್ನೊಂದು ದಿನ.

"ಇವತ್ತೂ ಪೆನ್ಸಿಲ್ಲಾ?" ಹನ್ನೊಂದನೇ ದಿನ ತಮ್ಮನ ದನಿ ಸೋತಿತ್ತು. "ದಡ ನೆಕ್ಕೊಂಡು ಎಷ್ಟು ದಿನ ಅಂತ ಕೂರೋದಕ್ಕಾ? ಗಡ್ಡನ ಹೆಂಡತಿ ಮುಖ ಊದಿಸ್ಕೊಂಡಿದ್ದಾಳೆ."

"ಇನ್ನೊಂದೆರಡು ದಿನ ತಡ್ಕೋ ಮಾರಾಯ" ಎಂದಳು ಅಕ್ಕ.

ಹನ್ನೆರಡನೇ ದಿನ ಸಚಿವಾಲಯದ ಸಮಿತಿ ಬರುವುದಿತ್ತು. ಬೆಳಿಗ್ಗೆ ಆರೂವರೆಗೆ ಮೇಲಿನವರು ಖುದ್ದಾಗಿ ನಡುಮಹಡಿಗೆ ಇಳಿದು ಬಂದರು. ಅವರು ಆ ಕೋಣೆಗೆ ಕಾಲಿಟ್ಟದ್ದು ಅದೇ ಮೊದಲು.

"ಪೆನ್ಸಿಲ್ ನಕ್ಷೆಗಳನ್ನೆಲ್ಲ ಕೆಳಗಿನವರು ಫೋಟೋ ತೆಗೆದು ಇಟ್ಕೊಂಡಿದ್ದಾರಂತೆ. ಇವತ್ತು ಸಮಿತಿ ಮುಂದೆ ಪೆನ್ಸಿಲ್ ಕಾಣಬಾರದು. ಶಾಯಿ ಹಚ್ಚಿಬಿಡಮ್ಮ."

"ಸರ್, ಅದು ಅಳೆದ ಗಾಳಿ ಅಲ್ಲ."

"ಗಾಳಿ ಯಾವುದಾದ್ರೇನು, ಗೆರೆ ಅದೇ ತಾನೇ? ನಿಮ್ಮ ಅಂದಾಜು ಯಾವತ್ತೂ ತಪ್ಪಿಲ್ಲ ಅಂತಾರೆ."

ಅಕ್ಕನ ಮೇಜಿನ ಪಕ್ಕ ನಿಂತೇ ಇದ್ದರು ಮಹಾಶಯರು. ಅವಳು ಪೆನ್ನು ತೆಗೆದು ಪೆನ್ಸಿಲ್ ಗೆರೆಗಳ ಮೇಲೆ ಒಂದೊಂದಾಗಿ ಎಳೆದಳು. ಕೈ ಅಭ್ಯಾಸದ ಕೈ, ಒಂದು ಗೆರೆಯೂ ಅಲುಗಲಿಲ್ಲ. ಕೊನೆಯ ಗೆರೆ ಎಳೆಯುವಾಗ ಫೋನು ಬಂತು.

"ಅಕ್ಕಾ, ಪೆನ್ನಾ, ಪೆನ್ಸಿಲ್ಲಾ?"

ಅವಳು ನಕ್ಷೆ ನೋಡಿದಳು. ಶಾಯಿ ಇನ್ನೂ ಒಣಗಿರಲಿಲ್ಲ. ಮೇಲಿನವರು ಅವಳ ಮುಖವನ್ನೇ ನೋಡುತ್ತಿದ್ದರು. ಪೆನ್ಸಿಲ್ ಎಂಬ ಮಾತು ಆ ಕೋಣೆಯಲ್ಲಿ ಆಗ ಆಡುವಂತಿರಲಿಲ್ಲ.

"ಪೆನ್ನು" ಎಂದಳು. "ಗಾಳಿ ಕಡಿಮೆ."

"ಅಬ್ಬಾ, ಬದುಕಿದ್ವಿ" ಎಂದ ತಮ್ಮ. ಹಿಂದೆ ಗಡ್ಡ ಶಿಳ್ಳೆ ಹಾಕಿದ್ದು ಕೇಳಿಸಿತು.

ಈ ಮಹಾಶಯರು ಕೋಣೆಯಿಂದ ಆಚೆ ಹೋದೊಡನೆ ತಿರುಗಿ ಫೋನು ಮಾಡುತ್ತೇನೆ ಎಂದುಕೊಂಡಳು. ಆದರೆ ಮೇಲಿನವರು ಅವಳನ್ನೂ ನಕ್ಷೆಯನ್ನೂ ಒಟ್ಟಿಗೇ ಸಭೆಯ ಕೋಣೆಗೆ ಕರೆದೊಯ್ದರು. ಫೋನುಗಳು ಹೊರಗಿನ ಬುಟ್ಟಿಯಲ್ಲಿ. ಹತ್ತೂವರೆಗೆ ಚಹಾಕ್ಕೆ ಬಿಟ್ಟಾಗ ಓಡಿಬಂದು ಮಾಡಿದಳು. ಅಷ್ಟು ದೂರದ ಕಡಲಿಗೆ ಸಿಗ್ನಲ್ ಸಿಗುವುದಿಲ್ಲ. ಆರು ಸಲ ಮಾಡಿದಳು. ಏಳನೆಯ ಸಲ ಮಾಡುವಷ್ಟರಲ್ಲಿ ಸಭೆಯ ಕೋಣೆಯಿಂದ ಕೂಗಿದರು.

ಒಂದು ಗಂಟೆಗೆ ಗಾಳಿ ಎದ್ದಿತು. ಸಭೆಯಲ್ಲಿ ಮೇಲಿನವರು, ಕೆಳಗಿನವರು ಕಂಪ್ಯೂಟರಿಗೂ ಬಲೂನಿಗೂ ಕಾಲು ಕೆರೆದು ಜಗಳವಾಡುತ್ತಿದ್ದರು. ಹವಾಮಾನ ಬಲ್ಲವರು ಅಷ್ಟೊಂದು ಮಂದಿ ತುಂಬಿದ್ದ ಕೋಣೆಯಲ್ಲಿ ಕಿಟಕಿಯ ಆಚೆ ನೋಡಿದವಳು ಅಕ್ಕ ಒಬ್ಬಳೇ. ಎದ್ದು ನಿಂತಳು. "ಕೂತ್ಕೊಳ್ಳಿ ಮೇಡಂ, ನಿಮ್ಮ ಸರದಿ ಬರುತ್ತೆ" ಎಂದರು ಯಾರೋ. ಅವಳು ಕೂರಲಿಲ್ಲ. ಬಾಗಿಲು ತಳ್ಳಿಕೊಂಡು ಮೆಟ್ಟಿಲಿಳಿದು ಬಂದರಿನತ್ತ ಓಡಿದಳು. ಓಡಿ ಮಾಡುವುದೇನೂ ಇರಲಿಲ್ಲ.

ಮರುದಿನ ತಮ್ಮ ಸಿಕ್ಕ, ಖಾಲಿ ಡೀಸೆಲ್ ಕ್ಯಾನೊಂದನ್ನು ಅಪ್ಪಿಕೊಂಡು ತೇಲುತ್ತಿದ್ದವನು. ಗಡ್ಡ ಸಿಗಲಿಲ್ಲ.

ವಿಚಾರಣೆ ಶುರುವಾಯಿತು. ಮೇಲಿನವರು ಅಕ್ಕನನ್ನು ಕರೆಸಿ, "ಅದು ಪೆನ್ನೇ ಅಲ್ವೇನಮ್ಮ? ಎಲ್ಲರೂ ಕಣ್ಣಾರೆ ನೋಡಿದ್ದಾರೆ" ಎಂದರು. ಕೆಳಗಿನವರು ಕರೆಸಿ, "ಶಾಯಿ ಅಡಿಯಲ್ಲಿ ಪೆನ್ಸಿಲ್ ಇದೆ ಅಂದುಬಿಡಿ ಸಾಕು, ಅವರ ಕುರ್ಚಿ ಹೋಗುತ್ತೆ" ಎಂದು ಬಾಗಿಲವರೆಗೂ ಬಂದು ಕಳಿಸಿಕೊಟ್ಟರು. ಸತ್ತವನಿಗೆ ಮಕ್ಕಳೆಷ್ಟು ಎಂದು ಅವರಲ್ಲಿ ಯಾರೂ ಕೇಳಲಿಲ್ಲ. ಇಬ್ಬರು.

ವಿಚಾರಣೆಯವರ ಮುಂದೆ ಅಕ್ಕ ಹೇಳಿದಳು: "ಅದು ಪೆನ್ಸಿಲ್. ಹಚ್ಚಿ ಅಂದಿದ್ದು ಮೇಲಿನವರು. ಬಲೂನು ಮುಗಿಯೋಕೆ ಬಿಟ್ಟಿದ್ದು ಕೆಳಗಿನವರು. ಹಚ್ಚಿದ್ದು ನನ್ನ ಕೈ."

ಇಬ್ಬರಿಗೂ ವರ್ಗಾವಣೆಯಾಯಿತು, ಕುರ್ಚಿಗಳ ಎತ್ತರ ಒಂದಿಂಚೂ ಇಳಿಯದ ಹಾಗೆ. ಅಕ್ಕನಿಗೆ ಒಂದು ಸಾಲಿನ ಎಚ್ಚರಿಕೆ ಪತ್ರ. ತಿಂಗಳುಗಟ್ಟಲೆ ಮೆಟ್ಟಿಲು ಹತ್ತಿಳಿದ ಫೈಲಿಗೆ ಒಂದೇ ವಾರದಲ್ಲಿ ಸಹಿ ಬಿತ್ತು.

ಗಡ್ಡನ ಹೆಂಡತಿಯನ್ನು ನೋಡಲು ಅಕ್ಕ ಹೋದಳು. ಕಾಲಿಗೆ ಬಿದ್ದಾದರೂ ಹೇಳಿಬಿಡಬೇಕು ಎಂದುಕೊಂಡೇ ಹೋಗಿದ್ದಳು. ಆದರೆ ಆಕೆ ಇವಳ ಕೈ ಹಿಡಿದುಕೊಂಡು ಅತ್ತಳು.

"ನೀವು ಪೆನ್ಸಿಲ್ ಅಂತಾನೇ ಹೇಳಿದ್ರಂತೆ. ನಿಮ್ಮ ತಮ್ಮನೇ ಕೇಳದೆ ಇವರನ್ನ ಕರ್ಕೊಂಡು ಹೋದನಂತೆ. ಅವನೇ ಬಂದು ಒಪ್ಕೊಂಡ. ಇನ್ಮೇಲೆ ಈ ಹೊಸ್ತಿಲು ತುಳೀಬೇಡ ಅಂದೆ."

ಅಕ್ಕ, "ಇಲ್ಲಮ್ಮ, ಅವನು ಸುಳ್ಳು ಹೇಳಿದ್ದಾನೆ. ಪೆನ್ನು ಅಂದೋಳು ನಾನೇ" ಎಂದಳು. ಆಕೆ ಹಿಡಿದಿದ್ದ ಕೈ ಬಿಟ್ಟಳು. ಬೈಯಲಿಲ್ಲ. ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮರುದಿನ ಬೆಳಿಗ್ಗೆ ಬಲೂನಪ್ಪ ಹೊಸ ಬಲೂನು ಬಿಟ್ಟ. ಅದು ಕಣ್ಮರೆಯಾಗುವ ತನಕ ಕತ್ತೆತ್ತಿ ನಿಂತಿದ್ದು, ಮೂಗು ಒರೆಸಿಕೊಂಡು ಶೆಡ್ಡಿನೊಳಗೆ ಹೋದ. ಅಕ್ಕ ಪೆಟ್ಟಿಗೆ ಹೇಳಿದ್ದನ್ನೆಲ್ಲ ಪೆನ್ನಿನಲ್ಲಿ ಬರೆದಳು. ಏಳು ಗಂಟೆಯಾಯಿತು. ಫೋನು ಬರಲಿಲ್ಲ. ಏಳೂಕಾಲಿಗೆ ತಾನೇ ಮಾಡಿದಳು.

"ಎದ್ದಿದೀಯೇನೋ?"

"ಹೂಂ."

"ಗಡ್ಡನ ಮನೆಗೆ ಹೋಗಿದ್ದೆ. ಹೇಳಿಬಂದೆ."

ಹಿಂದೆ ಕಡಲು ಕೇಳುತ್ತಿತ್ತು, ಶಿಳ್ಳೆ ಇರಲಿಲ್ಲ.

"ಇವತ್ತು ಬಲೂನು ಹೋಯ್ತು" ಎಂದಳು ಅಕ್ಕ. "ಗಾಳಿ ಕಡಿಮೆ. ಪೆನ್ನು ಕಣೋ."

"ಸರಿ ಅಕ್ಕ" ಎಂದ ತಮ್ಮ, ಸಿಟ್ಟಿಲ್ಲದೆ. "ಅವತ್ತೂ ನೀನು ಪೆನ್ನು ಅಂತಾನೇ ಅಂದಿದ್ದೆ."