ಪರಮಶಿವಪ್ಪನವರ ಸಮುದ್ರನೊರೆ

ನಮ್ಮ ಕಾಲೇಜಿನ ಪ್ರಾಣಿಶಾಸ್ತ್ರ ಪ್ರಯೋಗಾಲಯದಲ್ಲಿ ಪ್ರಾಣಿಗಳಿಲ್ಲ. ಗೋಡೆಯ ಮೇಲೆ ಒಂದು ಪಟವಿದೆ. ಅದರಲ್ಲಿ ಸೀಪಿಯಾ ಎಂಬ ಕಡಲಜೀವಿ ಬದನೆಕಾಯಿಯಂತೆ ಮಲಗಿದೆ. ಬರೆದವನು ಶಿಕಾರಿಪುರದ ಅಂಗಡಿಗಳಿಗೆ ಬೋರ್ಡು ಬರೆಯುವ ಪೇಂಟರು, ಸಮುದ್ರ ಕಂಡವನಲ್ಲ. ಕಿವಿರಿಗೆ ಹಸಿರು, ಕಣ್ಣಿಗೆ ಗುಲಾಬಿ ಬಳಿದಿದ್ದಾನೆ. ವಿದ್ಯಾರ್ಥಿಗಳು ಅದನ್ನೇ ನಕಲು ಮಾಡುತ್ತಾರೆ. ಹೊರಗಿನಿಂದ ಬರುವ ಪರೀಕ್ಷಕರು ಆ ನಕಲಿಗೇ ಅಂಕ ಕೊಟ್ಟು, ಟ್ರಸ್ಟಿನ ಊಟ ಉಂಡು ಹೋಗುತ್ತಾರೆ. ಸೂಕ್ಷ್ಮದರ್ಶಕಗಳೂ ಇವೆ. ಆಯುಧಪೂಜೆಯ ದಿನ ಅವುಗಳಿಗೆ ವಿಭೂತಿ ಬಳಿಯುತ್ತಾರೆ. ಒರೆಸುವುದು ಅಪಚಾರವಂತೆ. ಹೀಗಾಗಿ ಅವುಗಳಲ್ಲಿ ಏನೂ ಕಾಣುವುದಿಲ್ಲ, ಯಾರಿಗೂ ಅದರಿಂದ ತೊಂದರೆಯಾಗಿಲ್ಲ.

ನಾನಿಲ್ಲಿ ಅತಿಥಿ ಉಪನ್ಯಾಸಕಿ. ಕೆಲಸ ಕೊಟ್ಟವರು ಟ್ರಸ್ಟಿನ ಕಾರ್ಯದರ್ಶಿ ಪರಮಶಿವಪ್ಪ, ನನ್ನ ಮಾವನವರ ಅಣ್ಣ. ನನ್ನ ಗಂಡ ಗುರುಪ್ರಕಾಶ್‌ನ ಹೆಣದ ಮುಂದೆ, ನಾಲ್ಕು ಜನರಿಗೆ ಕೇಳುವಂತೆ ಆಡಿದ ಮಾತು ಅದು. ಆಮೇಲೆ ಹಿಂದಕ್ಕೆ ತೆಗೆದುಕೊಳ್ಳಲಾಗಲಿಲ್ಲ. ಈ ಕೆಲಸ ಹೋದರೆ ನನ್ನ ಗತಿಯೇನೆಂದು ಅತ್ತೆ ಶಕುಂತಲಮ್ಮ ಆಗಲೇ ತೀರ್ಮಾನಿಸಿದ್ದಾರೆ. ಕುಪ್ಪಗಡ್ಡೆಯ ಮನೆಯಲ್ಲಿ ಅವರ ಅಕ್ಕ ಹಾಸಿಗೆ ಹಿಡಿದಿದ್ದಾರೆ. ಎಂ.ಎಸ್ಸಿ. ಓದಿದ ಸೊಸೆ ಅಲ್ಲಿದ್ದರೆ ಬೆಡ್‌ಪ್ಯಾನು ಸ್ವಚ್ಛವಾಗಿರುತ್ತದೆಂಬುದು ಅವರ ಎಣಿಕೆ.

ಆನವಟ್ಟಿಯಿಂದ ಬಸ್ಸಿನಲ್ಲಿ ಬರುವ ಮಾಲಾ ಎಂಬ ಹುಡುಗಿ ಒಂದು ದಿನ ಪಟದ ಮುಂದೆ ನಿಂತು, ಇದು ತಮ್ಮೂರಿನ ಮೀನಿನ ಅಂಗಡಿಗೆ ಬರುತ್ತದೆ, ಭಟ್ಕಳದ ಗಾಡಿಯವರು ಬೊಂಡಾಸ ಅನ್ನುತ್ತಾರೆ ಎಂದಳು. ತರಲು ಹೇಳಿದೆ. ಮರುದಿನ ಊಟದ ಡಬ್ಬಿಗೆ ಐಸು ತುಂಬಿಕೊಂಡು ತಂದಳು. ಕಟ್ಟಡದೊಳಗೆ ಮೊಟ್ಟೆ ಕೂಡ ಬರಬಾರದೆಂಬ ಟ್ರಸ್ಟಿನ ನಿಯಮ ನನಗೆ ಗೊತ್ತಿತ್ತು. ಗೊತ್ತಿದ್ದೇ ತರಿಸಿದೆ.

ಟ್ರೇಯಲ್ಲಿ ಮಲಗಿಸಿದ್ದನ್ನು ನೋಡಿ ಹುಡುಗರು ಸುತ್ತ ನಿಂತರು. ಪರಮಶಿವಪ್ಪನವರ ಮೊಮ್ಮಗಳು ಬಿಂದುಶ್ರೀ ಮೂಗಿಗೆ ದುಪಟ್ಟಾ ಸುತ್ತಿಕೊಂಡು ಹಿಂದೆಯೇ ಉಳಿದಳು.

"ಮೇಡಂ, ಇದು ಪಟದ ಥರ ಇಲ್ರೀ," ಎಂದ ಶ್ರೀನಾಥ, ಪಟಕ್ಕೆ ಅನ್ಯಾಯವಾದವನಂತೆ. ಪರೀಕ್ಷೆಯಲ್ಲಿ ಯಾವುದನ್ನು ಬರೆಯಬೇಕೆಂಬುದು ಅವನ ಚಿಂತೆ. ಕಂಡದ್ದನ್ನು ಬರೆ ಎಂದೆ. ಈ ಕಟ್ಟಡದಲ್ಲಿ ಅವನಿಗೆ ಯಾರೂ ಹಾಗೆ ಹೇಳಿದಂತಿರಲಿಲ್ಲ.

ಎಂಟು ಮೋಟು ತೋಳು, ಎರಡು ಉದ್ದದವು, ನಡುವೆ ಗಿಣಿಯ ಕೊಕ್ಕಿನಂಥ ಬಾಯಿ ತೋರಿಸಿದೆ. ಇದು ಶಂಖದ, ಬಸವನಹುಳುವಿನ ಬಳಗದ್ದು. ಹಾಗಾದರೆ ಚಿಪ್ಪೆಲ್ಲಿ ಎಂದು ಕೇಳಿದೆ. ಎಲ್ಲರೂ ಪಟದತ್ತ ತಿರುಗಿ ಹುಡುಕಿದರು. ಬೆನ್ನಿನ ತೊಗಲನ್ನು ಉದ್ದಕ್ಕೆ ಸೀಳಿ, ಒಳಗಿದ್ದ ಬಿಳಿಯ ಹಗುರ ಹಲಗೆಯನ್ನು ಹೊರಗೆಳೆಯುತ್ತಿದ್ದೆ. ಅಷ್ಟರಲ್ಲಿ ಪರಮಶಿವಪ್ಪ ಬಂದರು. ಅಟೆಂಡರ್ ಲೋಕೇಶ ತನ್ನ ಕರ್ತವ್ಯ ಮಾಡಿದ್ದ.

"ಏನವಾ ಇದು? ಸರಸ್ವತಿ ಇರೋ ಜಾಗಾನ ಮಿಲ್ಟ್ರಿ ಹೋಟ್ಲು ಮಾಡೀಯೇನು?"

ಅಷ್ಟು ಹೇಳಿದವರ ಕಣ್ಣು ನನ್ನ ಕೈ ಮೇಲೆ ಬಿತ್ತು. ಮೂಗಿಗೆ ಹಿಡಿದ ಕರವಸ್ತ್ರ ಇಳಿಯಿತು. ಹತ್ತಿರ ಬಂದು ಆ ಹಲಗೆಯನ್ನು ಉಗುರಿನಿಂದ ಕೆರೆದರು. ಬಿಳಿ ಪುಡಿ ಉದುರಿತು.

"ಇದು ಸಮುದ್ರದ ನೊರೆ. ಇಲ್ಲಿಗ್ಯಾಕೆ ಬಂತು?"

ಪೇಟೆಯಲ್ಲಿ ಅವರದು ಗ್ರಂಧಿಗೆ ಅಂಗಡಿ. ಬೇರು, ತೊಗಟೆ, ಕಷಾಯದ ಸಾಮಾನು ಮಾರುತ್ತಾರೆ. ಕಿವಿ ಸೋರುವ ಮಕ್ಕಳಿಗೆಂದು ಊರೆಲ್ಲ ಅಲ್ಲಿಂದ ಸಮುದ್ರನೊರೆಯ ಪುಡಿ ಒಯ್ಯುತ್ತದೆ. ಅಲೆಯ ನೊರೆ ದಡದಲ್ಲಿ ಒಣಗಿ ಗಟ್ಟಿಯಾದದ್ದು ಎಂದು ಅವರ ತಂದೆ ಹೇಳಿದ್ದರು, ಅವರೂ ಹೇಳುತ್ತಾರೆ. ಇಷ್ಟಲಿಂಗದ ಬೆಳ್ಳಿ ಕರಡಿಗೆಯನ್ನು ಅವರ ಮನೆಯಲ್ಲಿ ಉಜ್ಜುವುದೂ ಅದರಿಂದಲೇ.

"ಇದರ ಬೆನ್ನೊಳಗಿಂದ ಬಂತು, ದೊಡ್ಡಮಾವ."

"ನೊರೆ ನುಂಗಿರಬೇಕು ಅದು."

ಬೆನ್ನಿನಿಂದ ಯಾವ ಪ್ರಾಣಿಯೂ ನುಂಗುವುದಿಲ್ಲ ಎಂದೆ. ಮಾಲಾ ನಗು ತಡೆಯಲು ಬೇರೆಡೆ ತಿರುಗಿದಳು. ಅವರು ನನ್ನನ್ನು ಹೊರಗೆ ಕರೆದರು.

ವರಾಂಡದಲ್ಲಿ ಅವರ ದನಿ ಅಂಗಡಿಯ ಗಲ್ಲಾದ ಮುಂದಿನ ದನಿಯಾಯಿತು. "ನೋಡವಾ, ಆಗಿದ್ದಾತು. ಇಲ್ಲಿ ಕೊಯ್ದಿದ್ದು ನಾ ನೋಡೇ ಇಲ್ಲ. ನಿನ್ನ ಕೆಲ್ಸ ನಿನಗಿರ್ತದೆ. ಹುಡುಗ್ರಿಗೆ ಮಾತ್ರ ಅದನ್ನ ನೊರೆ ಅಂತ್ಲೇ ಬರಸು."

"ಬರೆಸದಿದ್ದರೆ?"

"ಕುಪ್ಪಗಡ್ಡೆ ಐತಲ್ಲ."

ಮಾಂಸ ಒಳಗೆ ಬಂದದ್ದನ್ನು ಒಂದೇ ಉಸಿರಿನಲ್ಲಿ ಕ್ಷಮಿಸಿದ್ದರು. ಎಷ್ಟು ಹಗುರವಾದ ಮಡಿ ಎಂದುಕೊಂಡೆ. ನೀರಿನ ಮೇಲೆ ತೇಲೀತು. ಒಳಗೆ ಬಂದೆ. ಅವರು ಬಾಗಿಲಲ್ಲೇ ನಿಂತರು.

ಎಲ್ಲರೂ ಚಿತ್ರ ಬರೆದು, ಗೆರೆ ಎಳೆದು, ಹೆಸರಿಗೆ ಜಾಗ ಬಿಟ್ಟುಕೊಂಡಿದ್ದರು. ಇದಕ್ಕೇನು ಬರೆಯಲಿ ಎಂದು ಶ್ರೀನಾಥನೇ ಕೇಳಿದ, ಒಮ್ಮೆ ನನ್ನನ್ನು, ಒಮ್ಮೆ ಬಾಗಿಲನ್ನು ನೋಡುತ್ತ. ಅಂಕ ಯಾರ ಕೈಯಲ್ಲಿದೆ ಎಂದು ಅಳೆಯುವ ಮಟ್ಟಿಗೆ ಅವನು ಪಾಸಾಗುವ ಹುಡುಗ.

"ಒಳಚಿಪ್ಪು ಅಂತ ಬರಿ. ಪ್ರಾಣಿಯೇ ಬೆಳೆಸಿಕೊಂಡ ಅಂಗ. ನೊರೆ ಅಲ್ಲ."

ಪೆನ್ಸಿಲುಗಳು ಓಡಿದವು. ಹಿಂದಿನಿಂದ ಬಿಂದುಶ್ರೀ ದುಪಟ್ಟಾ ಕೆಳಗಿಳಿಸಿ, ತಮ್ಮ ಅಂಗಡಿಯ ಡಬ್ಬದಲ್ಲಿರುವುದೂ ಇದೇನಾ ಎಂದು ಕೇಳಿದಳು. ಅದೇ ಎಂದೆ.

"ಅಜ್ಜ, ನನ್ನ ಕಿವಿಗೂ ಹಾಕಿದ್ರಲ್ಲ," ಎಂದಳು.

ಪರಮಶಿವಪ್ಪ ಕರವಸ್ತ್ರ ಮಡಚಿ ಜೇಬಿಗಿಟ್ಟರು. ನನ್ನತ್ತ ನೋಡಿ, "ಸೋಮವಾರದಿಂದ ಬರಬ್ಯಾಡ್ರೀ ಮೇಡಂ," ಎಂದರು. ಮನೆಯ ಹಿರಿಯರು ಸೊಸೆಗೆ ತೋರಿಸಿದ ಮೊದಲ ಮರ್ಯಾದೆ ಅದು. ಅವರ ಚಪ್ಪಲಿಯ ಸದ್ದು ಮೆಟ್ಟಿಲಿಳಿದು ಹೋಯಿತು. ಹಿಂದೆಯೇ ಲೋಕೇಶನದು.

ಹುಡುಗರು ನನ್ನ ಮುಖ ನೋಡುತ್ತಿದ್ದರು. ಅಲ್ಲಿ ಏನನ್ನು ಹುಡುಕುತ್ತಿದ್ದರೋ, ಅದು ಅಲ್ಲಿರಲಿಲ್ಲ.

ಗಂಟೆ ಹೊಡೆಯಲು ಇನ್ನೂ ಹೊತ್ತಿತ್ತು, ಹೆದರಿದಾಗ ಈ ಪ್ರಾಣಿ ಕಾರುವ ಮಸಿಯ ಚೀಲ ತೋರಿಸುವುದು ಬಾಕಿ ಇತ್ತು. ಅದನ್ನು ಒಡೆಯದೆ ಬಿಡಿಸಿ ತೆಗೆಯಬೇಕಾದರೆ ಕೈ ನಡುಗಬಾರದು. ಗುರುಪ್ರಕಾಶ್ ಹೋದಮೇಲೆ ನನ್ನ ಕೈ ಯಾವುದಕ್ಕೂ ನಡುಗಿಲ್ಲ. ಸೀಪಿಯಾವನ್ನು ಮಗುಚಿ ಹಾಕಿ ಕತ್ತರಿ ಎತ್ತಿಕೊಂಡೆ. ಹತ್ತಿರ ಬನ್ನಿ ಎಂದೆ.