ಭಾವುಸಾಹೇಬನ ಕಾಣಿಕೆ

ಚರ್ಚಿನ ಸುಗ್ಗಿ ಹಬ್ಬದ ಭಾನುವಾರ ಬೆಳಿಗ್ಗೆ ಭಾವುಸಾಹೇಬ ಒಣದ್ರಾಕ್ಷಿಯ ರಟ್ಟಿನ ಪೆಟ್ಟಿಗೆ ತುಂಬುತ್ತಿದ್ದ. ಅವನ ಹೆಂಡತಿ ಸಕ್ಕುಬಾಯಿ ಸೊಂಟದ ಮೇಲೆ ಕೈಯಿಟ್ಟುಕೊಂಡು ನೋಡುತ್ತಿದ್ದಳು. ತಳದ ತುಂಬ ಕಪ್ಪಿಟ್ಟ, ಕಡ್ಡಿ ತುಂಬಿದ, ಪೇಟೆಯಲ್ಲಿ ಯಾರೂ ಮೂಸದ ಮಾಲು. ಮೇಲೆ ನಾಲ್ಕು ಬೆರಳಷ್ಟು ಮಾತ್ರ ಹಸಿರು, ಒಂದನೇ ನಂಬರಿನದು.

"ದೇವರಿಗೆ ಕೊಡೂದು ಇದನ್ನೇನು?"

"ದೇವರು ತಿಂತಾನೇನಲೇ? ಲಿಲಾವಿನ್ಯಾಗ ಯಾವನೋ ತಗೊಂಡ ಹೋಗ್ತಾನ. ರೊಕ್ಕಂತೂ ಚರ್ಚಿಗೇ ಬರತೈತಿ."

"ಇವತ್ತ ಮಿರಜದ ಲೋಂಢೆಯವರು ಬರಾಕತ್ತಾರ. ನೆನಪೈತೋ ಇಲ್ಲೋ?"

"ಅದಕ್ಕ ದೊಡ್ಡ ಪೆಟ್ಟಿಗಿ ತಗೊಂಡೀನಿ," ಅಂದು ಭಾವುಸಾಹೇಬ ಟೇಪು ಸುತ್ತಿದ.

ಶಾಂತವನ ಲೋಂಢೆ ತನ್ನ ಮಗನಿಗೆ ಇವರ ಮಗಳು ಸಪನಾಳನ್ನು ಕೇಳಿದ್ದ. ಹೊಲ ಮನೆ ನೋಡುವ ಮನುಷ್ಯನಲ್ಲ. "ಒಂದ ಭಾನುವಾರ ನಿಮ್ಮ ಜೋಡಿ ಆರಾಧನೆಗೆ ಕುಂತರ ಸಾಕು, ಎಂಥಾ ಮಂದಿ ಅಂತ ತಿಳೀತೈತಿ" ಎಂದಿದ್ದ.

ಅಂದು ಪಾಸ್ಟರು ಎರಡೇ ಕಾಸು ಹಾಕಿದ ಬಡ ವಿಧವೆಯ ಕತೆ ಹೇಳಿದರು. ಶ್ರೀಮಂತರು ಮಿಕ್ಕಿದ್ದನ್ನು ಕೊಟ್ಟರು, ಅವಳು ಇದ್ದದ್ದನ್ನೆಲ್ಲ ಕೊಟ್ಟಳು ಎಂದರು. ಎಲ್ಲರಿಗಿಂತ ಜೋರಾಗಿ ಆಮೆನ್ ಅಂದವನು ಭಾವುಸಾಹೇಬ. ಸಕ್ಕುಬಾಯಿ ಸೆರಗಿನಿಂದ ಬೆವರು ಒರೆಸಿಕೊಂಡಳು.

ಆರಾಧನೆ ಮುಗಿದ ಮೇಲೆ, ಮಂದಿ ತಂದದ್ದನ್ನೆಲ್ಲ ಚರ್ಚಿನ ಕಟ್ಟೆಯ ಮೇಲಿಟ್ಟು ಲಿಲಾವು ಕೂಗಿ ಹರಾಜು ಹಾಕುವುದು ವಾಡಿಕೆ. ಕುಂಬಳಕಾಯಿ ಹೋಯಿತು, ಬೆಲ್ಲ ಹೋಯಿತು, ಒಂದು ಹುಂಜ ಅರಚುತ್ತಲೇ ಹೋಯಿತು. ಪಾಸ್ಟರು ರಟ್ಟಿನ ಪೆಟ್ಟಿಗೆಯ ಬಾಯಿ ಬಿಚ್ಚಿ ಒಂದು ಹಿಡಿ ಎತ್ತಿ ತೋರಿಸಿದರು.

"ಮುತ್ತಿನಂಥಾ ಮಾಲು! ಯಾರು ಕೂಗ್ತೀರಿ?"

"ಒಂದ ಸಾವಿರ," ಅಂದ ಲೋಂಢೆ. "ಆಗೋ ಬೀಗರ ತೋಟದ ರುಚಿ ನೋಡೂಣು."

ಪೆಟ್ಟಿಗೆ ಮಿರಜಕ್ಕೆ ಹೋಗಿ, ಯಾರಾದರೂ ಅದನ್ನು ಡಬ್ಬಿಗೆ ಸುರುವಿದರೆ ಆ ಗಳಿಗೆಗೇ ಸಂಬಂಧ ಮುರಿದಂತೆ. ಸಕ್ಕುಬಾಯಿ ಗಂಡನ ಪಕ್ಕೆಗೆ ತಿವಿದಳು.

"ಕೂಗ್ರಿ."

"ನನ್ನ ಮಾಲು ನಾನ ಕೂಗ್ಲೇನು?"

"ಮಗಳ ಮದಿವಿ ಬೇಕಂದ್ರ ಕೂಗ್ರಿ!"

"ಒಂದೂವರಿ ಸಾವಿರ!" ಭಾವುಸಾಹೇಬನ ದನಿ ಸೀಳಿತು.

ಲೋಂಢೆಗೆ ಹುರುಪು ಬಂತು. ಎರಡು ಅಂದ. ಇವನು ಮೂರು. ಅವನು ನಗುತ್ತ ಐದು. ಇವನು ಹಲ್ಲು ಕಚ್ಚಿ ಆರು.

"ಒಂದ ಚಾ ಕುಡಿಸಿದವನಲ್ಲ ಭಾವ್ಯಾ, ಇವತ್ತೇನ ಬಂದೈತಿ ಮೈಯಾಗ?" ಹಿಂದಿನಿಂದ ಯಾರೋ ಅಂದರು.

"ಪವಿತ್ರಾತ್ಮ ಬಂದಾನ, ಸುಮ್ಮಕಿರು!" ಅಂದ ಇನ್ನೊಬ್ಬ.

ಭಾವುಸಾಹೇಬನ ಒಂಬತ್ತು ಸಾವಿರಕ್ಕೆ ಲೋಂಢೆ ಸಾಕೆಂದು ಕೈ ಮುಗಿದ. ಕೊಟ್ಟದ್ದನ್ನೇ ಮತ್ತೆ ರೊಕ್ಕ ಕೊಟ್ಟು ಕೊಳ್ಳುವ ಇಂಥ ಧಾರಾಳ ಮನಸ್ಸು ತಾನು ಕಂಡಿಲ್ಲವೆಂದು ಪಾಸ್ಟರು ಕಣ್ಣೊರೆಸಿಕೊಂಡರು. ಭಾವುಸಾಹೇಬನ ಕಣ್ಣಲ್ಲೂ ನೀರಿತ್ತು. ಅದು ಯಾಕೆಂದು ಸಕ್ಕುಬಾಯಿಗೆ ಮಾತ್ರ ಗೊತ್ತಿತ್ತು.

ಮನೆಗೆ ಬಂದು ಚಹಾ ಕುಡಿಯುತ್ತ ಲೋಂಢೆ, "ಆ ಪೆಟ್ಟಿಗ್ಯಾಗಿಂದ ಒಂದ ಮುಟಗಿ ತರ್ರಿ, ಬಾಯಾಗರೆ ಹಾಕೋತೀನಿ" ಅಂದ. ಸಕ್ಕುಬಾಯಿ ಒಳಗೆ ಹೋಗಿ, ಪೇಟೆಗೆಂದು ತೆಗೆದಿಟ್ಟಿದ್ದ ಒಂದನೇ ನಂಬರಿನ ಚೀಲ ಬಿಚ್ಚಿ ಬಟ್ಟಲು ತುಂಬಿ ತಂದಳು.

"ವ್ಹಾ! ತಳದ ತನಕಾ ಇಂಥದ್ದೇ ಏನ್ರಿ?"

"ಹೌ... ಹೌದ್ರಿ," ಅಂದ ಭಾವುಸಾಹೇಬ.

"ದೇವರಿಗೆ ಇಂಥಾದ್ದನ್ನ ಕೊಡೋ ಮನಿ. ಮತ್ತೇನ ನೋಡೂದೈತಿ? ಸಂಬಂಧ ಪಕ್ಕಾ." ಸಪನಾ ಬಾಗಿಲ ಹಿಂದಿನಿಂದ ಒಳಗೆ ಓಡಿದಳು. ಲೋಂಢೆ ಮುಂದುವರಿಸಿದ: "ಬರೂ ವಾರ ನಮ್ಮ ಚರ್ಚಿನ್ಯಾಗ ಸುಗ್ಗಿ ಹಬ್ಬ. ನಿಮ್ಮ ಹೆಸರಲೇ ಎರಡ ಪೆಟ್ಟಿಗಿ ಕಳಸ್ರಿ. ಲಿಲಾವಿಗೂ ನೀವು ಬರಾಕ ಬೇಕು. ನಿಮ್ಮ ಕೈ ನಮ್ಮ ಮಂದಿ ನೋಡ್ಲಿ!"

ಲೋಂಢೆ ಹೋದ ಮೇಲೆ ಗಂಡ ಹೆಂಡತಿ ಒಳಗೆ ಪೆಟ್ಟಿಗೆ ತುಂಬಲು ಕುಳಿತರು. ರೂಢಿಯ ಬಲದಿಂದ ಭಾವುಸಾಹೇಬನ ಕೈ ಕಪ್ಪು ಮಾಲಿನ ರಾಶಿಗೆ ಹೋಯಿತು. ಸಕ್ಕುಬಾಯಿ ತಡೆಯಲಿಲ್ಲ.

"ಹಾಕ್ರಿ, ಹಾಕ್ರಿ. ಆದರ ಮಿರಜದಾಗೂ ನೀವ ಕೂಗಬೇಕಾಗತೈತಿ. ಅದೂ ಎರಡ ಪೆಟ್ಟಿಗಿ."

ಭಾವುಸಾಹೇಬ ಕೈ ತಡೆದು ಲೆಕ್ಕ ಹಾಕಿದ. ಆಮೇಲೆ ಒಂದನೇ ನಂಬರಿನ ಚೀಲ ಎಳೆದುಕೊಂಡು ಎರಡೂ ಕೈಯಿಂದ ತಳದಿಂದಲೇ ತುಂಬತೊಡಗಿದ.

"ಕೂಗೂದಕ್ಕಿಂತ ಇದ ಸೋವಿ," ಅಂದ.